ಅವ್ವನ ಗಡ್ಡೆಯ ಚೂರು ಕೇಳುತ್ತಿದ್ದಾರೆ, ಪ್ರೋಟೀನ್ ನೋಡುವುದಕ್ಕಂತೆ. ಕೊಡಬಹುದಾ?

ಗದ್ದೆಬದಿ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಅವ್ವನಿಗೆ 54. ಎದೆಯಲ್ಲಿ ಗಂಟು ಅಂತ ತೋರಿಸಲು ಹೋದರೆ ಬಯಾಪ್ಸಿಯಲ್ಲಿ ಸ್ತನ ಕ್ಯಾನ್ಸರ್ ಅಂತ ಬಂತು. ಮುಂದಿನ ಗುರುವಾರ ಮೈಸೂರಿನಲ್ಲಿ ಆಪರೇಷನ್. ಅಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ನಿನ್ನೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಇನ್ನೊಂದು ಫಾರಂ ತಂದರು. ತೆಗೆದ ಗಡ್ಡೆಯಲ್ಲಿ ಒಂದು ಚೂರು, ಪಕ್ಕದ ಚೆನ್ನಾಗಿರುವ ಭಾಗದಲ್ಲಿ ಒಂದು ಚೂರು, ಕಂಕುಳಿನ ಗ್ರಂಥಿಯಲ್ಲಿ ಮಿಕ್ಕರೆ ಒಂದು ಚೂರು, ಜೊತೆಗೆ 10 ಎಂಎಲ್ ರಕ್ತ ಬೇಕಂತೆ. ಕ್ಯಾನ್ಸರ್ ಹೇಗೆ ಹರಡುತ್ತದೆ ಅಂತ ಪ್ರೋಟೀನ್ ನೋಡಿ ತಿಳಿಯುವ ಅಧ್ಯಯನವಂತೆ.

ಅಪ್ಪ ಬೇಡವೇ ಬೇಡ ಅನ್ನುತ್ತಾರೆ. ಸೊಸೈಟಿ ಸಾಲಕ್ಕೆ ಓದದೆ ಸಹಿ ಹಾಕಿ ಪಟ್ಟ ಪಾಡು ಅವರಿಗೆ ಇನ್ನೂ ಮರೆತಿಲ್ಲ. ಅಜ್ಜಿ ಅಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪ್ರೋಟೀನ್ ನೋಡುತ್ತಾರೆ ಅಂದರೆ ಅದರಿಂದಲೇ ಬಂದಿರಬೇಕು ಅಂತ ನಿನ್ನೆಯಿಂದ ಅವ್ವನಿಗೆ ಮೊಟ್ಟೆ, ಹುರುಳಿಕಾಳು ಎಲ್ಲ ಬಂದ್! ನನ್ನ ಪ್ರಶ್ನೆ ಇಷ್ಟೇ. ಇದಕ್ಕಾಗಿ ಜಾಸ್ತಿ ಕೊಯ್ಯುತ್ತಾರಾ? ಅವ್ವನಿಗೆ ಏನಾದರೂ ಉಪಯೋಗ ಇದೆಯಾ? ಪ್ರೋಟೀನ್ ನೋಡಿದರೆ ಹರಡುವುದು ಹೇಗೆ ಗೊತ್ತಾಗುತ್ತದೆ?

ಬೇವಿನಕಡ್ಡಿ:

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೇವು, ಅರಿಶಿನ ಕೊಡಿ. ಆಪರೇಷನ್ನೇ ಬೇಕಾಗಿಲ್ಲ.

ಪುರುಸೊತ್ತಿಲ್ಲ, ಮೈಸೂರು:

ಬೇವಿನಕಡ್ಡಿ ಅವರೇ, ದಯವಿಟ್ಟು ಬೇಡ. ಇದು ಆ ಜಾಗ ಅಲ್ಲ.

ಲ್ಯಾಬ್‌ಹುಳು, ಮೈಸೂರು:

ಮೊದಲು ಅಜ್ಜಿಯ ವಿಷಯ. ಮೊಟ್ಟೆ, ಕಾಳು ಇವತ್ತೇ ಮತ್ತೆ ಶುರು ಮಾಡಿ. ತಿಂದ ಪ್ರೋಟೀನ್ ಹೊಟ್ಟೆ, ಕರುಳಿನಲ್ಲಿ ಚೂರುಚೂರಾಗಿ ಅಮೈನೋ ಆಮ್ಲ ಆಗುತ್ತದೆ. ಅದರಿಂದಲೇ ದೇಹ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ. ಆಪರೇಷನ್ ಗಾಯ ಕೂಡುವುದಕ್ಕೆ ಅದು ಬೇಕೇ ಬೇಕು.

ಅವರು ನೋಡುವ ಪ್ರೋಟೀನ್ ಬೇರೆ, ಜೀವಕೋಶದೊಳಗೆ ಕೆಲಸ ಮಾಡುವಂಥದ್ದು. ನೀವು ರೈತರ ಮನೆಯವರು, ಪಹಣಿ ನೋಡಿರುತ್ತೀರಿ. ಪಹಣಿಯಲ್ಲಿ ರಾಗಿ ಅಂತ ಬರೆದಿರುತ್ತದೆ, ಹೋಗಿ ನೋಡಿದರೆ ಕಬ್ಬು ನಿಂತಿರುತ್ತದೆ, ಅಲ್ವಾ? ಜೀನ್ ಅಂದರೆ ಪಹಣಿ. ಪ್ರೋಟೀನ್ ಅಂದರೆ ಗದ್ದೆಯಲ್ಲಿ ನಿಜವಾಗಿ ನಿಂತಿರುವ ಬೆಳೆ. ನಿಮ್ಮ ಕಣ್ಣಿನ ಕೋಶಕ್ಕೂ ಲಿವರ್ ಕೋಶಕ್ಕೂ ಪಹಣಿ ಒಂದೇ, ಬೆಳೆ ಬೇರೆ ಬೇರೆ. ಗಡ್ಡೆಯಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಾದರೂ ಆ ಕೋಶ ಇವತ್ತು ಏನು ಮಾಡುತ್ತಿದೆ ಅಂತ ತಿಳಿಯಬೇಕಾದರೆ ಗದ್ದೆಗೇ ಇಳಿಯಬೇಕು.

ಇಳಿಯುವುದು ಹೇಗೆ? ಚೂರನ್ನು ಅರೆದು ಪ್ರೋಟೀನ್ ಹೊರಗೆ ತೆಗೆಯುತ್ತೇವೆ. ಆಮೇಲೆ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕುತ್ತೇವೆ. ಅದು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಲೈಸಿನ್, ಆರ್ಜಿನಿನ್ ಅನ್ನುವ ಎರಡು ಅಮೈನೋ ಆಮ್ಲ ಆದ ಮೇಲೆ ಮಾತ್ರ, ಕಬ್ಬನ್ನು ಗೆಣ್ಣು ನೋಡಿಕೊಂಡು ಕಡಿದ ಹಾಗೆ. ಹಾಗಾಗಿ ಯಾವ ಪ್ರೋಟೀನ್‌ನಿಂದ ಯಾವ ಅಳತೆಯ ತುಂಡು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಇಡಬಹುದು. ಆ ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರ ತೂಗುತ್ತದೆ, ಮತ್ತೆ ಒಡೆಯುತ್ತದೆ, ಆ ಚೂರುಗಳನ್ನೂ ತೂಗುತ್ತದೆ. ಸಕ್ಕರೆ ಕಾರ್ಖಾನೆ ಗೇಟಿನ ವೇಬ್ರಿಡ್ಜ್ ಅಂದುಕೊಳ್ಳಿ, ಆದರೆ ಕಣ್ಣಿಗೆ ಕಾಣದ ಲಾರಿಗಳಿಗೆ. ಕಂಪ್ಯೂಟರ್ ಆ ತೂಕಗಳನ್ನು ಪಟ್ಟಿಗೆ ಹೋಲಿಸಿ ಇಂಥ ಪ್ರೋಟೀನ್ ಇದೆ, ಇಷ್ಟಿದೆ ಅಂತ ಹೇಳುತ್ತದೆ. ಹೀಗೆ ಒಂದು ಚೂರಿನಲ್ಲಿ ಸಾವಿರಾರು ಪ್ರೋಟೀನ್ ಎಣಿಸಬಹುದು. ಇಷ್ಟು ದೊಡ್ಡ ಅಣುಗಳನ್ನು ಪುಡಿಯಾಗದಂತೆ ಹಾರಿಸಿ ತೂಗುವ ದಾರಿ ಹುಡುಕಿದ್ದಕ್ಕೆ 2002ರಲ್ಲಿ ಜಾನ್ ಫೆನ್, ಕೊಯಿಚಿ ತನಾಕಾ ಅವರಿಗೆ ನೊಬೆಲ್ ಬಂತು. ತನಾಕಾಗೆ ಪಿಎಚ್‌ಡಿ ಇರಲಿಲ್ಲ, ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವರು. ನನಗೆ ಪಿಎಚ್‌ಡಿ ಮುಗಿಯದೇ ಇದ್ದಾಗ ಇದನ್ನೇ ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪುರುಸೊತ್ತಿಲ್ಲ, ಮೈಸೂರು:

ಕೇಳುವುದಕ್ಕೆ ಚೆನ್ನಾಗಿದೆ ಗುರುಗಳೇ. ಆದರೆ ಪೇಪರಿನಲ್ಲಿ ಆಗಾಗ ‘ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ’ ಅಂತ ಬರುತ್ತಲೇ ಇರುತ್ತದೆ, ಆಮೇಲೆ ಸುದ್ದಿಯೇ ಇರುವುದಿಲ್ಲ. ನನಗೆ ಕಾಯಿಲೆಯ ಗುರುತು ಹೇಳುವ ಈ ‘ಮಾರ್ಕರ್’ ಅನ್ನುವ ಪದ ಕೇಳಿದರೆ ಮೈ ಉರಿಯುತ್ತದೆ, ಕಾರಣ ಇದೆ.

ನಮ್ಮ ಚಿಕ್ಕಮ್ಮ, 43 ವಯಸ್ಸು, ಹಬ್ಬದ ಆಫರ್ ಅಂತ ಒಂದು ಲ್ಯಾಬಿನಲ್ಲಿ ‘ಮಹಿಳೆಯರ ಕ್ಯಾನ್ಸರ್ ಪ್ಯಾಕೇಜ್’ ಮಾಡಿಸಿದರು. ಯಾವ ತೊಂದರೆಯೂ ಇರಲಿಲ್ಲ, ಸುಮ್ನೆ ಮಾಡಿಸಿದ್ದು. ಸಿಎ-125 ಅನ್ನುವ ರಕ್ತದ ಪ್ರೋಟೀನ್ 35ರ ಒಳಗೆ ಇರಬೇಕಂತೆ, ಇವರಿಗೆ 68 ಬಂತು. ರಿಪೋರ್ಟಿನಲ್ಲಿ ಕೆಂಪು ಅಕ್ಷರ. ಲ್ಯಾಬಿನವರನ್ನು ಕೇಳಿದರೆ ಡಾಕ್ಟರನ್ನು ಕೇಳಿ ಅಂತ ಫೋನ್ ಇಟ್ಟರು. ಸ್ಕ್ಯಾನ್, ಇನ್ನೊಂದು ಸ್ಕ್ಯಾನ್, ಮೂರು ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಚಿಕ್ಕಪ್ಪ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಹೊತ್ತರು. ಕೊನೆಗೆ ಅದು ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ. ಕ್ಯಾನ್ಸರ್ ಇಲ್ಲವೇ ಇಲ್ಲ. ಹರಕೆ ತೀರಿಸಿ ಬಂದ ಚಿಕ್ಕಪ್ಪನ ಮಂಡಿ ನೋವು ಮಾತ್ರ ಉಳಿಯಿತು.

ನೈಟ್‌ಡ್ಯೂಟಿ, ಮೈಸೂರು:

ನಾನು ಮೆಡಿಕಲ್ ಪಿಜಿ. ನಿಮ್ಮ ಚಿಕ್ಕಮ್ಮನ ಕಥೆಯಂಥದ್ದು ನಮಗೆ ಓಪಿಡಿಯಲ್ಲಿ ಪದೇ ಪದೇ ಸಿಗುತ್ತದೆ. ಸಿಎ-125 ಕ್ಯಾನ್ಸರಿಗೆ ಮಾತ್ರ ಏರುವುದಲ್ಲ. ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಬಸುರಿ, ಮುಟ್ಟಿನ ದಿನಗಳು, ಹೊಟ್ಟೆಯ ಟಿಬಿ, ಎಲ್ಲದರಲ್ಲೂ ಏರಬಹುದು. ಅಂಡಾಶಯದ ಕ್ಯಾನ್ಸರ್ ಇದೆ ಅಂತ ಗೊತ್ತಾದವರಲ್ಲಿ ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೆ ಅದು ಒಳ್ಳೆಯ ಗುರುತು. ತೊಂದರೆಯೇ ಇಲ್ಲದವರನ್ನು ಜರಡಿ ಹಿಡಿಯುವುದಕ್ಕೆ ಅಲ್ಲ. ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗದ ಕೊನೆಯ ಫಲಿತಾಂಶ 2021ರಲ್ಲಿ ಬಂತು. ಈ ರಕ್ತಪರೀಕ್ಷೆಯಿಂದ ಕೆಲವು ಕ್ಯಾನ್ಸರ್ ಬೇಗ ಸಿಕ್ಕವು. ಆದರೆ ಸಾವು ಕಡಿಮೆ ಆಗಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಸುಮ್ನೆ ಊಹೆಯ ಲೆಕ್ಕ. 10,000 ಆರೋಗ್ಯವಂತ ಹೆಂಗಸರಲ್ಲಿ 5 ಜನಕ್ಕೆ ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ಆ ಐವರನ್ನೂ ಹಿಡಿಯುತ್ತದೆ, ಆದರೆ ಕಾಯಿಲೆ ಇಲ್ಲದ ನೂರು ಜನರಲ್ಲಿ ಇಬ್ಬರಿಗೆ ತಪ್ಪಾಗಿ ‘ಇದೆ’ ಅನ್ನುತ್ತದೆ. ಕೇಳುವುದಕ್ಕೆ ಭಾರಿ ಒಳ್ಳೆಯ ಪರೀಕ್ಷೆ. ಆದರೆ ಆ ಇಬ್ಬರ ಲೆಕ್ಕದಲ್ಲೇ ಸುಮಾರು 200 ಜನ ಹೆದರಿ ಸಾಯುತ್ತಾರೆ. ಅವರಲ್ಲಿ ಎಷ್ಟೋ ಜನ ಸುಮ್ಮನೆ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾರೆ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ನೋಡುವ ಪಿಎಸ್‌ಎ ಕೂಡ ಹಾಗೆಯೇ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಸುಮ್ಮನೆ ಊದಿಕೊಂಡರೂ ಏರುತ್ತದೆ. ಕರುಳಿನ ಕ್ಯಾನ್ಸರಿಗೆ ನೋಡುವ ಸಿಇಎ ಬೀಡಿ, ಸಿಗರೇಟು ಸೇದುವವರಲ್ಲಿ ಏರುತ್ತದೆ.

ಪುರುಸೊತ್ತಿಲ್ಲ, ಮೈಸೂರು:

ಇದನ್ನು ಆವತ್ತು ಯಾರಾದರೂ ಹೇಳಿದ್ದರೆ! ಸರಿ, ಹಾಗಿದ್ದ ಮೇಲೆ ಇನ್ನೊಂದು ಮಾರ್ಕರ್ ಹುಡುಕುವುದಕ್ಕೆ ಇವರ ಅವ್ವನ ಚೂರು ಯಾಕೆ ಬೇಕು?

ಲ್ಯಾಬ್‌ಹುಳು, ಮೈಸೂರು:

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಇನ್ನೂ ದೊಡ್ಡ ಎಡವಟ್ಟು ಹೇಳುತ್ತೇನೆ ಕೇಳಿ. 2002ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ರಕ್ತದ ಪ್ರೋಟೀನ್‌ಗಳ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರ್ ಇದ್ದ 50 ಜನರಲ್ಲಿ 50 ಜನರನ್ನೂ ಹಿಡಿದೆವು, ಕ್ಯಾನ್ಸರ್ ಇಲ್ಲದ 66 ಜನರಲ್ಲಿ 63 ಜನಕ್ಕೆ ಇಲ್ಲ ಅಂತ ಸರಿಯಾಗಿ ಹೇಳಿದೆವು ಅಂತ. ಜಗತ್ತೇ ಕುಣಿಯಿತು. ಆಮೇಲೆ ಹ್ಯೂಸ್ಟನ್‌ನ ಸಂಖ್ಯಾಶಾಸ್ತ್ರಜ್ಞರು ಅದೇ ಗುಂಪು ಬಹಿರಂಗಪಡಿಸಿದ್ದ ಅಂಕಿಗಳನ್ನು ಕೆದಕಿದರು. ಅಲ್ಲಿ ಕಂಡ ಎಷ್ಟೋ ವ್ಯತ್ಯಾಸ ಕ್ಯಾನ್ಸರಿನದ್ದಲ್ಲ, ಮಾದರಿಗಳನ್ನು ಯಂತ್ರಕ್ಕೆ ಹಾಕಿದ ರೀತಿಯದ್ದೇ ಇರಬಹುದು ಅಂತ ತೋರಿಸಿದರು.

ಬೇರೆಯವರದ್ದು ಯಾಕೆ, ನನ್ನದೇ ಇದೆ. ಸೇರಿದ ಹೊಸದರಲ್ಲಿ ಒಂದು ಲ್ಯಾಬಿನಲ್ಲಿ ರಕ್ತದ ಮಾದರಿ ಹೋಲಿಸುತ್ತಿದ್ದೆ. ಕ್ಯಾನ್ಸರ್ ಗುಂಪಿನಲ್ಲಿ ನಾಲ್ಕೈದು ಪ್ರೋಟೀನ್ ಎದ್ದು ಕಾಣುತ್ತಿದ್ದವು. ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೇ ದಿನ ಪಟ್ಟಿಯನ್ನು ಸರಿಯಾಗಿ ನೋಡಿದರೆ ಹಿಮೋಗ್ಲೋಬಿನ್, ಕಾರ್ಬಾನಿಕ್ ಅನ್‌ಹೈಡ್ರೇಸ್, ಪೆರಾಕ್ಸಿರೆಡಾಕ್ಸಿನ್. ಎಲ್ಲ ಕೆಂಪು ರಕ್ತಕಣದೊಳಗಿನ ಮಾಲು! ವಿಷಯ ಏನಪ್ಪಾ ಅಂದರೆ, ರೋಗಿಗಳ ರಕ್ತ ಬೇರೆ ಊರಿನಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿತ್ತು, ಆರೋಗ್ಯವಂತರ ರಕ್ತ ಅಂದರೆ ನಮ್ಮದೇ ಕಟ್ಟಡದ ಹುಡುಗರದ್ದು, ಐದು ನಿಮಿಷದಲ್ಲಿ ಕೈಗೆ. ದಾರಿಯಲ್ಲಿ ಕಣಗಳು ಒಡೆದಿದ್ದವು. ನಾನು ಕಂಡುಹಿಡಿದದ್ದು ಕ್ಯಾನ್ಸರನ್ನಲ್ಲ, ರಸ್ತೆಯ ಹಂಪನ್ನು.

ರಕ್ತದಲ್ಲಿ ಇನ್ನೊಂದು ತೊಂದರೆ. ಪ್ಲಾಸ್ಮಾ ಅಂದರೆ ರಕ್ತಕಣ ಬಿಟ್ಟು ಮಿಕ್ಕ ದ್ರವ, ಅದರ ಪ್ರೋಟೀನ್ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್ ಒಂದೇ. ಹೆಚ್ಚುಕಮ್ಮಿ 22 ಪ್ರೋಟೀನ್ ಸೇರಿಸಿದರೆ ನೂರಕ್ಕೆ 99 ಭಾಗ ಮುಗಿಯಿತು. ಚಿಕ್ಕ ಗಡ್ಡೆಯಿಂದ ಜಿನುಗುವ ಪ್ರೋಟೀನ್ ಮಿಕ್ಕ ಆ ಒಂದು ಭಾಗದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಜಂಬೂಸವಾರಿಯ ಗದ್ದಲದಲ್ಲಿ ಒಂದು ಮಗುವಿನ ಕಾಲ್ಗೆಜ್ಜೆ ಸದ್ದು ಕೇಳಿಸಿಕೊಳ್ಳಿ ಅಂದ ಹಾಗೆ.

ಅದಕ್ಕೇ ಮೊದಲು ಗಡ್ಡೆಯಲ್ಲೇ ಹುಡುಕುವುದು, ಆಮೇಲೆ ರಕ್ತಕ್ಕೆ ಬರುವುದು. ಒಬ್ಬರದ್ದೇ ಗಡ್ಡೆ, ಪಕ್ಕದ ಒಳ್ಳೆಯ ಭಾಗ, ಗ್ರಂಥಿ, ಈ ಮೂರನ್ನೂ ಹೋಲಿಸಿದರೆ ವಯಸ್ಸು, ಊಟ, ಸಕ್ಕರೆ ಕಾಯಿಲೆ ಇಂಥ ವ್ಯತ್ಯಾಸಗಳು ಅಡ್ಡ ಬರುವುದು ಕಡಿಮೆ. ಅವರು ಮೂರು ಚೂರು ಕೇಳಿದ್ದಾರೆ ಅಂದರೆ ಅಧ್ಯಯನ ಮಾಡುವವರಿಗೆ ತಲೆ ಇದೆ ಅಂತ ನನ್ನ ಅಭಿಪ್ರಾಯ.

ಕುವೆಂಪುನಗರದ ಟೀಚರ್:

ನಾನು ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ, ಈಗ ನಿವೃತ್ತಿ. ಹರಡುವ ವಿಷಯ ಬಿಟ್ಟೇ ಹೋಯಿತಲ್ಲಪ್ಪ. ಮಂಡ್ಯದ ಹುಡುಗ ಕೇಳಿದ್ದು ಅದನ್ನೇ.

ಲ್ಯಾಬ್‌ಹುಳು, ಮೈಸೂರು:

ಹೌದು ಮೇಡಂ, ದಾರಿ ತಪ್ಪಿದೆ.

ಗಡ್ಡೆ ಅಲ್ಲೇ ಇದ್ದರೆ ತೆಗೆದು ಬಿಸಾಡಬಹುದು. ಜೀವ ತೆಗೆಯುವುದು ಬಹಳ ಸಲ ಹರಡುವುದೇ. ಸ್ತನದ ನಾಳದ ಒಳಪದರದ ಕೋಶಗಳು ಇ-ಕ್ಯಾಡ್‌ಹೆರಿನ್ ಅನ್ನುವ ಪ್ರೋಟೀನಿನಿಂದ ಒಂದಕ್ಕೊಂದು ಕೈ ಹಿಡಿದು ನಿಂತಿರುತ್ತವೆ. ಹರಡುವ ಎಷ್ಟೋ ಗಡ್ಡೆಗಳಲ್ಲಿ ಈ ಹಿಡಿತ ಸಡಿಲ ಆಗುತ್ತದೆ, ಬದಲಿಗೆ ವೈಮೆಂಟಿನ್ ಥರದ, ಓಡಾಡುವ ಕೋಶಗಳ ಪ್ರೋಟೀನ್ ಜಾಸ್ತಿ ಆಗುತ್ತದೆ. ಸುತ್ತಲಿನ ಅಂಗಾಂಶವನ್ನು ಕರಗಿಸಿ ದಾರಿ ಮಾಡುವ ಕಿಣ್ವಗಳು ಬರುತ್ತವೆ. ಆಮೇಲೆ ರಕ್ತನಾಳಕ್ಕೆ ಅಥವಾ ಕಂಕುಳಿನ ಗ್ರಂಥಿಗೆ ಹೋಗುವ ದುಗ್ಧರಸ ನಾಳಕ್ಕೆ ನುಗ್ಗಿ ಪ್ರಯಾಣ. ಬಹಳಷ್ಟು ಕೋಶಗಳು ದಾರಿಯಲ್ಲೇ ಸಾಯುತ್ತವೆ.

ಆದರೆ ಸ್ತನ ಕ್ಯಾನ್ಸರ್ ಮೂಳೆ, ಲಿವರ್ ಅಂತ ಕೆಲವೇ ಜಾಗ ಹುಡುಕಿಕೊಂಡು ಹೋಗುವುದು ಯಾಕೆ? ಇದನ್ನು 1889ರಲ್ಲೇ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಕೇಳಿದ್ದರು. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಜನರ ದಾಖಲೆ ನೋಡಿ, ಬೀಜ ಎಲ್ಲ ಕಡೆ ಚೆಲ್ಲಿದರೂ ಒಗ್ಗುವ ಮಣ್ಣಿನಲ್ಲೇ ಮೊಳೆಯುವುದು ಅಂದರು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ಪ್ರೋಟೀನ್ ಲೆಕ್ಕ ಸಿಕ್ಕಿದ್ದು ಬಹಳ ತಡವಾಗಿ. ಗಡ್ಡೆಯ ಕೋಶಗಳು ಎಕ್ಸೋಸೋಮ್ ಅನ್ನುವ ಸಣ್ಣ ಚೀಲಗಳನ್ನು ರಕ್ತಕ್ಕೆ ಬಿಡುತ್ತವೆ. 2015ರಲ್ಲಿ ಡೇವಿಡ್ ಲೈಡನ್ ಅವರ ತಂಡ ಆ ಚೀಲಗಳ ಪ್ರೋಟೀನ್ ನೋಡಿತು. ಚೀಲದ ಮೇಲೆ ಇಂಟೆಗ್ರಿನ್ ಅನ್ನುವ ಅಂಟಿಕೊಳ್ಳುವ ಪ್ರೋಟೀನ್‌ಗಳಲ್ಲಿ ಆಲ್ಫಾ-6 ಬೀಟಾ-4 ಇದ್ದರೆ ಶ್ವಾಸಕೋಶದ ಕಡೆ, ಆಲ್ಫಾ-ವಿ ಬೀಟಾ-5 ಇದ್ದರೆ ಲಿವರ್ ಕಡೆ. ಚೀಲ ಮೊದಲು ಹೋಗಿ ಮಣ್ಣು ಹದ ಮಾಡಿಟ್ಟರೆ ಬೀಜ ಆಮೇಲೆ ಹೋಗುತ್ತದೆ. ಮುಖ್ಯವಾಗಿ ಇಲಿಗಳಲ್ಲಿ ತೋರಿಸಿದ್ದು ಅನ್ನುವುದನ್ನು ಮರೆಯಬೇಡಿ, ಆಸ್ಪತ್ರೆಯಲ್ಲಿ ಈ ಪರೀಕ್ಷೆ ಸಿಗುವುದಿಲ್ಲ.

ಇನ್ನೊಂದು ಮಾತು. ಪ್ರೋಟೀನ್ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ಸ್ವಿಚ್ ಹಾಕಿದೆಯಾ ಆರಿದೆಯಾ ಅನ್ನುವುದೂ ಮುಖ್ಯ. ಎಷ್ಟೋ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಂಡರೆ ಆನ್. ರಕ್ತ ಓಡಾಟ ನಿಂತ ಚೂರಿನಲ್ಲಿ ಈ ಫಾಸ್ಫೇಟ್ ಲೆಕ್ಕ ನಿಮಿಷಗಳಲ್ಲೇ ಏರುಪೇರಾಗುತ್ತದೆ. ಅದಕ್ಕೇ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಒಬ್ಬರು ಪೆಟ್ಟಿಗೆ ಹಿಡಿದು ಕಾಯುತ್ತಿರುತ್ತಾರೆ. ಚೂರು ಕೈಗೆ ಬಂದ ಕೂಡಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ.

ಗದ್ದೆಬದಿ, ಮಂಡ್ಯ:

ಪಹಣಿ ಲೆಕ್ಕ ಅಪ್ಪನಿಗೆ ಹೇಳಿದೆ. ಮೊದಲ ಸಲ ನಕ್ಕರು. ಇನ್ನೊಂದು ಕೇಳಬೇಕು. ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ಅಂತ ಇದ್ದು ಮುಂದೆ 2+ ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಫಿಶ್ ಮಾಡಿಸಿ’ ಅಂತಿದೆ. ಮೀನು ಅಂದುಕೊಂಡು ಅಜ್ಜಿ ಅದನ್ನೂ ಬಿಡಿಸುತ್ತಿದ್ದರು.

ನೈಟ್‌ಡ್ಯೂಟಿ, ಮೈಸೂರು:

ಆ ಸಾಲನ್ನು ಯಾರೂ ವಿವರಿಸಲಿಲ್ಲವಾ? ನಾಳೆಯೇ ಹೋಗಿ ಕೇಳಿ. ಈ ಎಲ್ಲ ಚರ್ಚೆಗಿಂತ ಅದು ಮುಖ್ಯ.

ಇಆರ್, ಪಿಆರ್, ಹರ್-2 ಮೂರೂ ಪ್ರೋಟೀನ್‌ಗಳೇ. ಇಆರ್, ಪಿಆರ್ ಅಂದರೆ ಹೆಣ್ಣು ಹಾರ್ಮೋನ್ ಬಂದು ಕೂರುವ ಪ್ರೋಟೀನ್‌ಗಳು. ಅಂದರೆ ನಿಮ್ಮ ಅವ್ವನ ಪ್ರೋಟೀನ್ ಪರೀಕ್ಷೆ ಆಗಲೇ ಒಂದು ಸುತ್ತು ಆಗಿದೆ. ಹರ್-2 ಕೋಶದ ಹೊರಮೈಯಲ್ಲಿ ಕೂತು ಬೆಳೆ, ಬೆಳೆ ಅಂತ ಸೂಚನೆ ಕೊಡುವ ಪ್ರೋಟೀನ್. ಬಣ್ಣ ಹಾಕಿ ನೋಡಿ 0, 1+, 2+, 3+ ಅಂತ ಅಂಕ ಕೊಡುತ್ತಾರೆ. 3+ ಅಂದರೆ ಪಾಸಿಟಿವ್. 2+ ಅಂದರೆ ಅಡ್ಡಗೋಡೆ ಮೇಲಿನ ದೀಪ. ಆಗ ಫಿಶ್ ಅನ್ನುವ ಪರೀಕ್ಷೆಯಲ್ಲಿ ಆ ಜೀನ್ ಎಷ್ಟು ಪ್ರತಿ ಇದೆ ಅಂತ ಎಣಿಸಿ ತೀರ್ಮಾನ ಮಾಡುತ್ತಾರೆ. ಪಾಸಿಟಿವ್ ಬಂದರೆ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ ಸೇರುತ್ತದೆ, ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದಕ್ಕೆ ಮೊದಲು ಈ ಗುಂಪಿನ ಕ್ಯಾನ್ಸರ್ ಅಂದರೆ ಡಾಕ್ಟರುಗಳೇ ಹೆದರುತ್ತಿದ್ದರು. ಗಡ್ಡೆ ದೊಡ್ಡದಿದ್ದು ಹರ್-2 ಪಾಸಿಟಿವ್ ಆದರೆ ಕೆಲವು ಸಲ ಔಷಧಿ ಮೊದಲು, ಆಪರೇಷನ್ ಆಮೇಲೆ. ಅದಕ್ಕೇ ಗುರುವಾರದ ಒಳಗೆ ಕೇಳಿ ಅಂದದ್ದು.

ಪುರುಸೊತ್ತಿಲ್ಲ ಅವರೇ, ಮಾರ್ಕರ್ ಅಂದರೆ ನನಗೆ ಇದು. ಕ್ಯಾನ್ಸರ್ ಇದೆಯಾ ಇಲ್ಲವಾ ಅಂತ ಕಣಿ ಹೇಳುವುದಲ್ಲ. ಇರುವ ಕ್ಯಾನ್ಸರಿಗೆ ಯಾವ ಔಷಧಿ ಅಂತ ಹೇಳುವುದು.

ಪುರುಸೊತ್ತಿಲ್ಲ, ಮೈಸೂರು:

ಒಪ್ಪಿದೆ. ಆದರೆ ಹರ್-2 ಸಿಕ್ಕಿದ್ದು ಈ ಸಾವಿರಾರು ಪ್ರೋಟೀನ್ ಎಣಿಸುವ ಯಂತ್ರದಿಂದ ಅಲ್ಲವಲ್ಲ?

ಲ್ಯಾಬ್‌ಹುಳು, ಮೈಸೂರು:

ಅಲ್ಲ. ಸರಿಯಾದ ಜಾಗಕ್ಕೆ ಹೊಡೆದಿರಿ. ಈ ಯಂತ್ರಗಳಿಂದ ಹೊರಬಂದ ಪಟ್ಟಿಗಳು ರಾಶಿ, ಆಸ್ಪತ್ರೆ ತಲುಪಿದವು ಬೆರಳೆಣಿಕೆ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಓವಾ-1 ಅನ್ನುವ ಐದು ಪ್ರೋಟೀನ್‌ಗಳ ಪರೀಕ್ಷೆ ಆ ಕಡೆಯಿಂದ ಬಂದಿದ್ದು. ಅದನ್ನೂ ಎಲ್ಲರಿಗೂ ಮಾಡುವುದಲ್ಲ. ಅಂಡಾಶಯದಲ್ಲಿ ಗಡ್ಡೆ ಇದೆ, ಆಪರೇಷನ್ ಹೇಗೂ ಆಗಬೇಕು, ಕ್ಯಾನ್ಸರ್ ತಜ್ಞರ ಹತ್ತಿರ ಕಳಿಸಬೇಕಾ ಅನ್ನುವ ಒಂದೇ ಪ್ರಶ್ನೆಗೆ. ಪ್ರಶ್ನೆ ಚಿಕ್ಕದಾದಷ್ಟೂ ಮಾರ್ಕರ್ ಗೆಲ್ಲುತ್ತದೆ.

ಆದರೆ ಪಟ್ಟಿ ಇಲ್ಲದೆ ಶುರು ಮಾಡುವುದಾದರೂ ಎಲ್ಲಿಂದ? ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್ ಸುಮಾರು 20,000. ಅವುಗಳಲ್ಲಿ 17,294 ಜೀನ್‌ಗಳ ಪ್ರೋಟೀನ್ ಯಾವ ಅಂಗದಲ್ಲಿದೆ ಅಂತ ತೋರಿಸಿದ ಮೊದಲ ಕರಡು ನಕ್ಷೆ 2014ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತಲ್ಲ, ಅದರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರದ್ದು ದೊಡ್ಡ ಪಾಲು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೆ. ಒಳ್ಳೆಯ ಅಂಗಾಂಶ ಹೇಗಿರುತ್ತದೆ ಅಂತ ಗೊತ್ತಿದ್ದರೆ ತಾನೆ ಕೆಟ್ಟಿದ್ದು ಕಾಣುವುದು. ಅಲ್ಲೂ ಯಾರೋ ಚೂರು ಕೊಟ್ಟಿದ್ದಾರೆ.

ಕುವೆಂಪುನಗರದ ಟೀಚರ್:

ಸಹಿ ವಿಷಯಕ್ಕೆ ಬನ್ನಿ. ನಾನು ಒಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ ಸಾಮಾನ್ಯ ಜನರ ಪರವಾಗಿ ಕೆಲವು ವರ್ಷ ಕೂತಿದ್ದೆ. ಮಂಡ್ಯದ ಮಗ, ನೀನು ಹೀಗೆ ಕೇಳು. ಮಾಹಿತಿ ಪತ್ರ ಕನ್ನಡದಲ್ಲಿ ಕೊಡಿ ಅನ್ನು, ಒಂದು ಪ್ರತಿ ಮನೆಗೆ ತೆಗೆದುಕೊಂಡು ಹೋಗು. ನೈತಿಕ ಸಮಿತಿ ಒಪ್ಪಿಗೆ ಆಗಿದೆಯಾ ಕೇಳು. ಚೂರು ತೆಗೆಯುವುದು ಪೆಥಾಲಜಿಯವರಿಗೆ ಬೇಕಾದಷ್ಟು ಕೊಟ್ಟ ಮೇಲೆ ಮಿಕ್ಕಿದ್ದರಲ್ಲಿ ತಾನೆ ಅಂತ ಬಾಯಿ ಬಿಟ್ಟು ಕೇಳು. ಇದಕ್ಕೆ ನಿಮ್ಮಿಂದ ಒಂದು ಪೈಸೆ ತೆಗೆದುಕೊಳ್ಳುವ ಹಾಗಿಲ್ಲ. ಬೇಡ ಅಂದರೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಮಾಡುವ ಹಾಗಿಲ್ಲ. ಸಹಿ ಹಾಕಿದ ಮೇಲೂ ಮನಸ್ಸು ಬದಲಾದರೆ ಹಿಂದೆ ಸರಿಯಬಹುದು. ಚೂರು ಹೊರದೇಶಕ್ಕೆ ಹೋಗುತ್ತದಾ, ಮುಂದೆ ಬೇರೆ ಅಧ್ಯಯನಕ್ಕೆ ಬಳಸುತ್ತಾರಾ, ಇವೆರಡಕ್ಕೆ ಬೇರೆ ಬೇರೆ ಒಪ್ಪಿಗೆ ಕೇಳಿದರೆ ಒಳ್ಳೆಯದು.

ಅವ್ವನಿಗೆ ನೇರ ಉಪಯೋಗ ಇದೆಯಾ ಅಂದೆ. ಇಲ್ಲ ಅಂತಲೇ ತಿಳಿದುಕೋ. ಇದೆ ಅಂತ ಯಾರಾದರೂ ಆಸೆ ತೋರಿಸಿದರೆ ಅನುಮಾನ ಪಡು. ಮತ್ತೆ ಒಂದು ವಿಷಯ, ಇಲ್ಲಿ ಅಪ್ಪ, ಅಜ್ಜಿ, ನೀನು, ನಾವು ಎಲ್ಲ ಮಾತಾಡಿದೆವು. ಅವ್ವನನ್ನು ಕೇಳಿದೆಯಾ?

ಗದ್ದೆಬದಿ, ಮಂಡ್ಯ:

ಇಲ್ಲ ಮೇಡಂ. ನಾಚಿಕೆ ಆಯಿತು ಓದಿ.

ಗದ್ದೆಬದಿ, ಮಂಡ್ಯ, 12 ದಿನದ ನಂತರ:

ಫೋನ್ ನೋಡಲು ಆಗಲಿಲ್ಲ, ಕ್ಷಮಿಸಿ. ಆಪರೇಷನ್ ಆಯಿತು. ಫಿಶ್ ಬಗ್ಗೆ ಕೇಳಿದಾಗ ಡಾಕ್ಟರು ಗಡ್ಡೆ 2 ಸೆಂಟಿಮೀಟರ್ ಒಳಗೇ ಇದೆ, ಆಪರೇಷನ್ ಮೊದಲು ಆಗಲಿ ಅಂದರು, ಪರೀಕ್ಷೆಗೆ ಕಳಿಸಿದ್ದಾರೆ. ಕಂಕುಳಿನ ಒಂದು ಗ್ರಂಥಿಯಲ್ಲಿ ಇದೆ ಅಂತ ನಿನ್ನೆ ರಿಪೋರ್ಟ್ ಬಂತು. ಕೀಮೋ ಬಗ್ಗೆ ಸೋಮವಾರ ಹೇಳುತ್ತಾರಂತೆ.

ಕನ್ನಡದ ಹಾಳೆ ಕೊಟ್ಟರು. ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ನನ್ನ ಹೆಸರು ಹಾಕ್ತೀರಾ?’ ಅಂತ ಒಂದೇ ಪ್ರಶ್ನೆ. ಇಲ್ಲಮ್ಮ, ನಂಬರ್ ಮಾತ್ರ ಅಂದರು. ಮೂರು ಕಡೆ ಸಹಿ ಕೇಳಿದ್ದರು. ಎರಡಕ್ಕೆ ಹಾಕಿ, ಹೊರದೇಶಕ್ಕೆ ಕಳಿಸುವ ಸಾಲಿಗೆ ಅಡ್ಡಗೆರೆ ಎಳೆದರು. ಯಾಕವ್ವ ಅಂದೆ. ನಾನೇ ಬೆಂಗಳೂರು ದಾಟಿಲ್ಲ, ಅದು ಯಾಕೆ ಹೋಗಬೇಕು ಅಂದರು. ಅಪ್ಪ ಸುಮ್ಮನಿದ್ದರು.

ಥಿಯೇಟರ್ ಬಾಗಿಲಲ್ಲಿ ಆ ಡಾಕ್ಟರಮ್ಮ ಪೆಟ್ಟಿಗೆ ಹಿಡಿದು ನಿಂತಿದ್ದರು. ಒಂದೂವರೆ ಗಂಟೆ. ಗಡಿಯಾರ ನೋಡಿಕೊಳ್ಳುತ್ತಿದ್ದರು, ಕೂರಿ ಅಂದರೂ ಕೂರಲಿಲ್ಲ. ಒಳಗಿಂದ ಏನೋ ಕೈಗೆ ಬಂತು, ಓಡಿದರು.

ಫಿಶ್ ರಿಪೋರ್ಟ್ ಬಂದ ಮೇಲೆ ಬರುತ್ತೇನೆ. ಮೊಟ್ಟೆಗೆ ಅಜ್ಜಿ ಒಪ್ಪಿದ್ದಾರೆ, ದಿನಕ್ಕೆ ಒಂದು, ಬೇಯಿಸಿದ್ದು ಮಾತ್ರ.